ಗೋಡೆ ದಾಟಿ ಬಂದ ನಾದ

ಜಾಝ್ ಸಂಗೀತದಲ್ಲಿ ಬೇಸ್ ನುಡಿಸುವವರು ವೇದಿಕೆಯ ಹಿಂಬದಿಯಲ್ಲಿ ನಿಂತು, ಮುಂದಿರುವವರಿಗೆ ಬಿದ್ದ ಚಪ್ಪಾಳೆಯಲ್ಲಿ ಪಾಲು ಪಡೆಯುವುದು ರೂಢಿ. ಆಳೆತ್ತರದ ಆ ತಂತಿವಾದ್ಯವನ್ನು ವೇದಿಕೆಯ ನಟ್ಟನಡುವೆ ತಂದು ನಿಲ್ಲಿಸಿ, ಅದಕ್ಕೆಂದೇ ಕೃತಿಗಳನ್ನು ರಚಿಸಿ, ಈಗ ಸಂಗೀತ ಕಾಲೇಜಿನಿಂದ ನಿವೃತ್ತರಾಗುತ್ತಿರುವ ನಮ್ಮ ಮೇಷ್ಟ್ರನ್ನು ಅಭಿನಂದಿಸುವುದು ಶಿಷ್ಯರಾದ ನಮಗೆಲ್ಲ ಹೆಮ್ಮೆಯ ಸಂಗತಿ.

ಅವರ ಮೊದಲ ಗುರು ಒಂದು ಗೋಡೆ. ಬಾಲ್ಯದ ಬಾಡಿಗೆ ಮನೆಯ ಆ ತೆಳು ಗೋಡೆಯಾಚೆ ಗಡಿಯಾರ ರಿಪೇರಿ ಮಾಡುವವರೊಬ್ಬರಿದ್ದರು. ಸಂಜೆ ಅಂಗಡಿಯಿಂದ ಬಂದವರೇ ಜಾಝ್ ರೆಕಾರ್ಡು ಹಾಕುತ್ತಿದ್ದರು. ಟ್ರಂಪೆಟ್ಟು, ಪಿಯಾನೊ ಎಲ್ಲ ಅತ್ತಲೇ ಉಳಿದು, ಬೇಸ್‌ನ ಗುಂಯ್‌ಗುಡುವ ದನಿ ಮಾತ್ರ ಇತ್ತ ಬರುತ್ತಿತ್ತು. ಹಾಡೆಂದರೆ ಇಷ್ಟೇ ಎಂದು ನಂಬಿದ ಹುಡುಗ, ಬೆರಳ ಗೆಣ್ಣಿನಿಂದ ಗೋಡೆ ಕುಟ್ಟಿ ತಾಳ ಹಾಕತೊಡಗಿದ. ಅದನ್ನು ತಕರಾರೆಂದು ತಿಳಿದ ಆ ಸಜ್ಜನರು ದನಿ ತಗ್ಗಿಸಿದರು. ಕುಟ್ಟುವುದು ಜೋರಾದಾಗ ರೆಕಾರ್ಡು ಹಾಕುವುದನ್ನೇ ನಿಲ್ಲಿಸಿಬಿಟ್ಟರು. ಹುಡುಗ ಊಟ ಬಿಟ್ಟ. ಕೊನೆಗೆ ತಾಯಿ ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದರು.

"ಅಣ್ಣಾ, ನಮ್ಮ ಹುಡುಗ ಜಗಳಕ್ಕೆ ಬರ್ತಿಲ್ಲ, ತಾಳ ಹಾಕ್ತಿದಾನೆ. ದಯವಿಟ್ಟು ಹಾಡು ಹಾಕಿ, ಇಲ್ದಿದ್ರೆ ಇವನು ಊಟ ಮುಟ್ಟಲ್ಲ."

ಅಂದು ಅವರ ಮನೆಯೊಳಗೆ ಕೂತು ಮೊದಲ ಬಾರಿ ಇಡೀ ಹಾಡು ಕೇಳಿದ ಹುಡುಗ ಮುಖ ಸಿಂಡರಿಸಿ, "ಮಾಮಾ, ಈ ಪೀಪಿ ಊದೋನು ಯಾಕೆ ಮಧ್ಯ ಬಾಯಿ ಹಾಕ್ತಾನೆ?" ಎಂದನಂತೆ. ಗಡಿಯಾರದ ಮಾಮ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮುಂದೆ ಹಳೆಯ ಬೇಸ್ ಒಂದನ್ನು ಹುಡುಕಿ ತಂದುಕೊಟ್ಟವರೂ ಅವರೇ.

ಆಮೇಲೆ ಮೇಷ್ಟ್ರು ದೊಡ್ಡ ಬ್ಯಾಂಡೊಂದನ್ನು ಸೇರಿದರು. ಅಲ್ಲಿನ ಹಿರಿಯ ಡ್ರಮ್ ವಾದಕರಿಂದ ಆತುರಪಡದೆ ತಡೆದು ನುಡಿಸುವುದನ್ನೂ, ಹಾಡುಗಾರ್ತಿಯಿಂದ ಉಸಿರಿಗೆ ಜಾಗ ಬಿಡುವುದನ್ನೂ ಕಲಿತರು. ಆದರೆ 'ಗೋಡೆಯಾಚೆ' ಎಂಬ ಕೃತಿ ರಚಿಸಿದಾಗ ಬ್ಯಾಂಡಿನ ನಾಯಕರು ಆಗದೆಂದು ತಲೆಯಾಡಿಸಿಬಿಟ್ಟರು. ಆರಂಭದಲ್ಲಿ ಬಹಳ ಹೊತ್ತು ಬೇಸ್ ಒಂದೇ!

"ಜನ ಎದ್ದು ಹೋಗ್ತಾರಲ್ರೀ!"

"ಹೋದ್ರೆ ಅವರ ಹಿಂದೇನೇ ನಾನೂ ಹೋಗ್ತೀನಿ. ಮತ್ತೆ ಈ ಬ್ಯಾಂಡಿಗೆ ಕಾಲಿಡಲ್ಲ."

ಹೀಗೆಂದ ಮೇಷ್ಟ್ರ ಸಂಸಾರ ನಡೆಯುತ್ತಿದ್ದದ್ದೇ ಆ ಬ್ಯಾಂಡಿನಿಂದ. ಆ ಪಣಕ್ಕೆ ನಾಯಕರು ಒಪ್ಪಿದರು.

ಪ್ರದರ್ಶನದಂದು ಬೇಸ್ ಒಂಟಿಯಾಗಿ ಶುರುವಾಯಿತು. ಕೆಮ್ಮು ಕೇಳಿತು, ಕುರ್ಚಿಗಳು ಕಿರುಗುಟ್ಟಿದವು, ಕೆಲವರು ಎದ್ದೇ ನಿಂತರು. ಆಗ ಕೊನೆಯ ಸಾಲಿನಿಂದ ಟಕ್ ಟಕ್ ಎಂದು ಸಭಾಂಗಣದ ಮರದ ಗೋಡೆಯನ್ನು ಯಾರೋ ಕುಟ್ಟತೊಡಗಿದರು. ಜನ ತಿರುಗಿ ನೋಡಿದರು. ಅದು ತಕರಾರಲ್ಲವೆಂದು ಅಲ್ಲಿ ತಿಳಿದಿದ್ದವರು ಮೇಷ್ಟ್ರೊಬ್ಬರೇ. ಗಡಿಯಾರದ ಮಾಮನ ಗೆಣ್ಣಿನ ತಾಳವನ್ನು ಪಕ್ಕದವರು ಹಿಡಿದರು, ಅವರಿಂದ ಇಡೀ ಸಭೆ ಹಿಡಿಯಿತು, ಎದ್ದವರು ಕೂತರು. ಕಡೆಗೆ ಟ್ರಂಪೆಟ್ ದನಿಗೂಡಿದಾಗ ಚಾವಣಿ ಹಾರಿಹೋಗುವಂಥ ಚಪ್ಪಾಳೆ!

"ಈ ಸಲ ಪೀಪಿಯೋನು ಸರಿಯಾದ ಹೊತ್ತಿಗೆ ಬಂದ ಕಣೋ" ಎಂದು ಮಾಮ ಕಣ್ಣೊರೆಸಿಕೊಂಡರು.

ಆ ಗೆಲುವೇ ಅವರನ್ನು ಕಾಲೇಜಿಗೆ ಕರೆತಂದಿತು. ನಮ್ಮನ್ನು ಕೋಣೆಯೊಳಗೆ ಬಿಟ್ಟು, ಬಾಗಿಲು ಮುಚ್ಚಿ, ತಾವು ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು ಕೇಳುವುದು ಅವರ ಪಾಠದ ಕ್ರಮ. "ಇಲ್ಲಿಗೆ ಬರ್ಲಿಲ್ಲಪ್ಪ, ಇನ್ನೊಮ್ಮೆ!" ಎಂಬ ಕೂಗಿಗೆ ನಾವು ಬೆವರು ಸುರಿಸಿದ್ದುಂಟು. ನಮ್ಮ ಬೆರಳಿಗೆ ಬೊಬ್ಬೆ ಎದ್ದ ದಿನ ಮಾತ್ರ ಅದೇ ಕುರ್ಚಿಯಲ್ಲಿ ನಮ್ಮನ್ನು ಕೂರಿಸಿ, ತಾವು ಒಳಗೆ ಹೋಗಿ ನುಡಿಸುತ್ತಿದ್ದರು.

ಮೇಷ್ಟ್ರು ನೂರ್ಕಾಲ ಬಾಳಲಿ. ಅವರ ಬೆರಳಿಗೆ ಬಿಡುವು ಸಿಗದಿರಲಿ. ಮೊನ್ನೆ ಹೊಸ ಬಾಡಿಗೆ ಮನೆ ನೋಡಲು ಹೋದವರು ಮೊದಲು ಗೋಡೆ ಕುಟ್ಟಿ ನೋಡಿ, "ತೆಳುವಾಗಿದೆ, ಆಗ್ಬಹುದು" ಎಂದರಂತೆ. ಆ ಮನೆ ಸೇರಿ ನುಡಿಸತೊಡಗಿದ್ದೇ ತಡ, ಪಕ್ಕದ ಮನೆಯ ಮಗುವೊಂದು ಆಗಲೇ ಆಚೆಯಿಂದ ಗೋಡೆ ಕುಟ್ಟತೊಡಗಿದೆ. ಮೇಷ್ಟ್ರು ದನಿ ತಗ್ಗಿಸಿಲ್ಲ.