ಬಲಗಡೆಯ ಬೆರಳು

ಹೆಬ್ಬೆಟ್ಟಕ್ಕನಿಗೆ ಪಾರ್ಕಿನವರು ಕೊಡಬೇಕಾದ ವಾರದ ರಜೆಗಳು ಇನ್ನೂ ಬಾಕಿ ಇವೆ. ಶಾಲೆಗಳಿಗೆ ರಜೆ ಬಿದ್ದರೆ ಜನ ಜಾಸ್ತಿ, ಆಗ ಕೊಡುವುದಿಲ್ಲ. ಶಾಲೆ ಶುರುವಾದರೆ ಆಳು ಕಡಿಮೆ ಮಾಡುತ್ತಾರೆ, ಆಗಲೂ ಕೊಡುವುದಿಲ್ಲ. 'ಆಮೇಲೆ ಕೊಡೋಣ' ಎಂಬ ಮಾತೊಂದು ಮಾತ್ರ ಒಂದು ದಿನವೂ ತಪ್ಪಿಸದೆ ಕೆಲಸಕ್ಕೆ ಬರುತ್ತದೆ. ಹೀಗೆ ನುಂಗಿ ನೀರು ಕುಡಿದ ರಜೆಗಳಲ್ಲಿ ಒಂದನ್ನು ಅವಳು ಅವರ ಗಂಟಲಿಗೆ ಕೈ ಹಾಕಿ ಈಚೆಗೆಳೆದಳು. ಆ ಒಂದು ದಿನದ ಕಥೆ ಇದು.

ಅವಳ ಕೆಲಸ ಪಾರ್ಕಿನ ಹಳೆಯ ರೋಲರ್ ಕೋಸ್ಟರಿನಲ್ಲಿ. ಹಳಿಯ ಮೇಲೆ ತೆವಳುತ್ತಾ ಏರಿ, ತುದಿ ಮುಟ್ಟಿ, ದಬಕ್ಕನೆ ಬೀಳುವ ಆ ಆಟಕ್ಕೆ ಬಣ್ಣದ ಬೋರ್ಡಿನಲ್ಲಿ ಏನೋ ದೊಡ್ಡ ಹೆಸರಿದೆ. ಕೆಲಸದವರ ಬಾಯಲ್ಲಿ ಅದು ಬರೀ ಹಾವು. ಜನ ಬಂಡಿಯಲ್ಲಿ ಕೂತ ಮೇಲೆ ಒಬ್ಬೊಬ್ಬರ ತೊಡೆಯ ಮೇಲೂ ಸರಳು ಇಳಿಸಿ, ಕಟಕ್ಕೆಂದು ಕಚ್ಚಿತೇ ಎಂದು ಕಿವಿಗೊಟ್ಟು, ಮೇಲಕ್ಕೊಮ್ಮೆ ಎಳೆದು ನೋಡಬೇಕು. ಕೊನೆಯ ಸೀಟಿನವರೆಗೂ ನೋಡಿ ಮುಗಿದ ಮೇಲೆ ಹೆಬ್ಬೆರಳು ಎತ್ತಬೇಕು. ಎಡಗಡೆಯ ಆಳಿನದು ಒಂದು ಬೆರಳು, ಬಲಗಡೆಯ ಆಳಿನದು ಒಂದು ಬೆರಳು. ಎರಡೂ ಕಂಡ ಮೇಲೆಯೇ ಗಾಜಿನ ಕ್ಯಾಬಿನ್ನಿನಲ್ಲಿ ಕೂತವನು ಹಸಿರು ಗುಂಡಿ ಒತ್ತುತ್ತಾನೆ. ಎಡಗಡೆ ಮೀಸೆ ನಿಲ್ಲುತ್ತಿದ್ದ. ಮುಖಕ್ಕಿಂತ ಮೀಸೆಯೇ ದೊಡ್ಡದಿದ್ದ ಆಸಾಮಿ, ಅದಕ್ಕೇ ಆ ಹೆಸರು. ಬಲಗಡೆ ಇವಳು. ದಿನವಿಡೀ ಬೆರಳೆತ್ತಿ ಎತ್ತಿ ಹೆಬ್ಬೆಟ್ಟಕ್ಕನಾದಳು. ಓದು ಬರಹ ಇಲ್ಲದ್ದಕ್ಕೆ ಬಂದ ಹೆಸರೆಂದುಕೊಂಡ ಗುಮಾಸ್ತನೊಬ್ಬ ಸಂಬಳದ ದಿನ ಇವಳ ಮುಂದೆ ಮಸಿಯ ಪ್ಯಾಡು ತಳ್ಳಿದ್ದನಂತೆ. ಅವನ ಜೇಬಿನ ಪೆನ್ನು ಕಿತ್ತುಕೊಂಡು ಸಹಿ ಹಾಕಿ, ಪೆನ್ನನ್ನು ತನ್ನ ಜೇಬಿಗಿಳಿಸಿಕೊಂಡು ಬಂದಳು. ಅದು ಇವತ್ತಿಗೂ ಚೆನ್ನಾಗಿ ಬರೆಯುತ್ತದೆ.

ಊರಿನ ಅರ್ಧ ಜನರನ್ನು ಹಾವಿನ ಬೆನ್ನು ಹತ್ತಿಸಿದವಳು ತಾನು ಮಾತ್ರ ಒಮ್ಮೆಯೂ ಹತ್ತಿರಲಿಲ್ಲ. ಯೂನಿಫಾರಂ ಹಾಕಿಕೊಂಡು ಕೂರುವಂತಿಲ್ಲ, ಯೂನಿಫಾರಂ ಬಿಚ್ಚಿಡುವ ದಿನವೇ ಸಿಗುವುದಿಲ್ಲ. ಬೆಳಿಗ್ಗೆ ಗೇಟು ತೆಗೆಯುವ ಮುಂಚೆ ಮರಳಿನ ಮೂಟೆಗಳನ್ನು ಸೀಟಿನಲ್ಲಿ ಕೂರಿಸಿ ಪರೀಕ್ಷೆಗೆಂದು ಒಂದು ಸುತ್ತು ಓಡಿಸುತ್ತಾರೆ. ಮೂಟೆಗಿರುವ ಯೋಗ ನನಗಿಲ್ಲವಲ್ಲ ಎಂದು ಅವಳು ಮೀಸೆಯ ಹತ್ತಿರ ಗೊಣಗಿದರೆ, ಅವನು ಮೂಟೆಗಳು ಒಂದು ದಿನವೂ ರಜೆ ಕೇಳಿಲ್ಲ, ಅದಕ್ಕೇ ಅವಕ್ಕೆ ಮರ್ಯಾದೆ ಎನ್ನುತ್ತಿದ್ದ.

ಮಗಳು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಳು: "ಅಮ್ಮಾ, ಹಾವಿನ ತುದಿಯಿಂದ ನಮ್ಮನೆ ಕಾಣ್ಸುತ್ತಾ?" ನೋಡಿ ಹೇಳ್ತೀನಿ ಎಂದಿದ್ದಳು ಇವಳು. ಮಗಳು ಬೆಳೆದು ಈಗ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಕೇಳಿದ್ದು ಅವಳಿಗೆ ನೆನಪಿಲ್ಲ. ತಾಯಿಗೆ ನೆನಪಿತ್ತು. ಮಗುವಿಗೆ ಕೊಟ್ಟ ಮಾತೂ ಆ ರಜೆಗಳ ಹಾಗೆ 'ಆಮೇಲೆ'ಯ ಬಾಯಿಗೇ ಹೋಯಿತಲ್ಲ ಎಂಬುದು ಅವಳಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಅಷ್ಟರಲ್ಲಿ ಸುದ್ದಿ ಬಂತು. ಆ ಸಲದ ಶಾಲೆ ರಜೆ ಮುಗಿಯುತ್ತಲೇ ಹಾವನ್ನು ಬಿಚ್ಚಿ ಗುಜರಿಗೆ ಹಾಕುವುದು. ಇವಳನ್ನು ವಾಹನ ನಿಲ್ಲಿಸುವ ಬಯಲಿಗೆ ಹಾಕುವುದು. ಹೆಬ್ಬೆಟ್ಟಕ್ಕ ಮ್ಯಾನೇಜರನ ಕೋಣೆಗೆ ಹೋಗಿ, ಬಂದವರಿಗೆಂದು ಇಟ್ಟ ಕುರ್ಚಿಯಲ್ಲಿ ಕೂತಳು. ಬಾಕಿ ರಜೆಗಳನ್ನೆಲ್ಲ ಇವತ್ತೇ ಕೇಳುತ್ತಿಲ್ಲ, ಒಂದು ಕೊಡಿ, ಹಾವು ಹೋಗುವ ಮುಂಚೆ ಕೊಡಿ ಎಂದಳು. ಆಮೇಲೆ ನೋಡೋಣ ಎಂದ ಅವನು. ಇವಳು ಏಳಲಿಲ್ಲ. ಕೂಗಲೂ ಇಲ್ಲ, ಸುಮ್ಮನೆ ಕೂತಿದ್ದಳು. ಅವನು ಫೋನಿನಲ್ಲಿ ಮಾತಾಡಿ ಮುಗಿಸಿದ, ಚಹಾ ಕುಡಿದು ಮುಗಿಸಿದ, ಊಟದ ಡಬ್ಬಿ ತೆಗೆಯಬೇಕಾದ ಹೊತ್ತಿಗೆ ನಾಚಿಕೆಯಾಗಿ ರಜೆ ಬರೆದುಕೊಟ್ಟ.

ರಜೆಯ ದಿನ ಬೆಳಿಗ್ಗೆ ಅವಳು ಮಾಳಿಗೆಗೆ ಹೋಗಿ, ಒಗೆದಿದ್ದ ಕೆಂಪು ಹೊದಿಕೆಯನ್ನು ತಂತಿಯ ಮೇಲೆ ಅಗಲವಾಗಿ ಹರವಿ, ಗಾಳಿಗೆ ಹಾರದಂತೆ ಕ್ಲಿಪ್ಪು ಹಾಕಿದಳು. ಅಷ್ಟು ದೂರದಿಂದ ಮನೆ ಗುರುತು ಸಿಗಬೇಕಲ್ಲ.

ಜೊತೆಗೆ ಇಬ್ಬರು ಗೆಳತಿಯರು ಬಂದರು. ಒಬ್ಬಳು ಟಿಕೆಟ್ ಕೌಂಟರಿನವಳು. ಇಡೀ ದಿನ 'ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ' ಎಂದು ಅವಳ ಹೆಸರೇ ಚಿಲ್ಲರೆ ಆಗಿತ್ತು. ಅವತ್ತು ಅವಳ ವಾರದ ರಜೆ. ಇನ್ನೊಬ್ಬಳು ಕ್ಯಾಂಟೀನಿನ ಅಡುಗೆಯವಳು, ಎಲ್ಲರಿಗೂ ದೊಡ್ಡಮ್ಮ. ಅವಳು ಹೊಟ್ಟೆನೋವೆಂದು ಫೋನ್ ಮಾಡಿ, ಅದೇ ಪಾರ್ಕಿಗೆ ಕಪ್ಪು ಕನ್ನಡಕ ಏರಿಸಿಕೊಂಡು ಬಂದಿದ್ದಳು. ಯಾರಿಗೂ ಗುರುತು ಸಿಗಲ್ಲ ಬಿಡು ಎಂದಳು. ಒಳಗೆ ಬರುವಷ್ಟರಲ್ಲಿ ಕಸ ಗುಡಿಸುವವರು, ಐಸ್‌ಕ್ರೀಂ ಮಾರುವವರು ಎಲ್ಲರೂ, ದೊಡ್ಡಮ್ಮ ಕನ್ನಡಕ ಚೆನ್ನಾಗಿದೆ ಎಂದು ಹೇಳಿ ಆಗಿತ್ತು.

ಪಾರ್ಕು ಗಿಜಿಗುಡುತ್ತಿತ್ತು. ಮೊದಲು ಮಕ್ಕಳ ಕೋಸ್ಟರು ಹತ್ತಿದರು, ದೊಡ್ಡಮ್ಮನ ಧೈರ್ಯಕ್ಕೆಂದು. ಅದು ಮಂಚದ ಎತ್ತರಕ್ಕೇರಿ ಇಳಿಯಿತು. ಇಷ್ಟೇನಾ ಎಂದಳು ದೊಡ್ಡಮ್ಮ. ಆಮೇಲೆ ಹೊಸ ಕೋಸ್ಟರು. ಅದರಲ್ಲಿ ಸರಳು ತಾನೇ ಇಳಿದು ಹೆಗಲ ಮೇಲೆ ಕೂರುತ್ತದೆ, ಯಾರೂ ಬಂದು ಮುಟ್ಟಿ ನೋಡುವುದಿಲ್ಲ. ಹೆಬ್ಬೆಟ್ಟಕ್ಕನಿಗೆ ಅದು ಸರಿಬರಲಿಲ್ಲ. ಹೋಟೆಲಿನಲ್ಲಿ ಬಡಿಸುವವರಿಲ್ಲದೆ ತಟ್ಟೆ ತಾನೇ ಬಂದು ಕೂತ ಹಾಗಿದೆ ಎಂದಳು. ಬಂಡಿ ತಲೆಕೆಳಗಾದಾಗ ಟಿಕೆಟ್ಟಿನವಳ ಜೇಬಿನಲ್ಲಿದ್ದ ಬಿಡಿ ನಾಣ್ಯಗಳೆಲ್ಲ ಉದುರಿ ಹೋದವು. ದೊಡ್ಡಮ್ಮನ ಒಂದು ಚಪ್ಪಲಿ ಎಲ್ಲೋ ಹಾರಿ, ಹೂವಿನ ಪಾತಿಯಲ್ಲಿ ಸಿಕ್ಕಿತು. ಮೂವರೂ ಕಟ್ಟೆಯ ಮೇಲೆ ಕೂತು ತಂದಿದ್ದ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದರು. ಉಪ್ಪು ಕಡಿಮೆಯಾಗಿದೆ ಎಂದು ಯಾರೋ ಅಂದದ್ದಕ್ಕೆ, ಇವತ್ತು ನನಗೂ ರಜೆ, ಬಾಯಿ ಮುಚ್ಕೊಂಡು ತಿನ್ರೇ ಎಂದಳು ದೊಡ್ಡಮ್ಮ.

ಊಟವಾದ ಮೇಲೆ ಹಾವಿನ ಸಾಲಿಗೆ ಬಂದರು. ಸಾಲು ನೀರಿನಂಗಡಿಯನ್ನು ಸುತ್ತಿ ಹೋಗಿತ್ತು. ಹೆಬ್ಬೆಟ್ಟಕ್ಕ ಸಾಲಿನ ಈ ತುದಿಯನ್ನು ಅವತ್ತೇ ನೋಡಿದ್ದು. ಕಾಲು ನೋಯುವುದೂ, ಮುಂದಿನವರ ಬೆವರು ನಾರುವುದೂ, ಬೇಗ ಬಿಡ್ರಪ್ಪಾ ಎಂದು ಕೂಗಬೇಕೆನಿಸುವುದೂ ಅವಳಿಗೆ ಆಗಲೇ ಗೊತ್ತಾಯಿತು. ಮೆಟ್ಟಿಲು ಹತ್ತಿ ಪ್ಲಾಟ್‌ಫಾರ್ಮು ಕಂಡಾಗ ಅವಳ ಮುಖ ಸ್ವಲ್ಪ ಗಂಟಿಕ್ಕಿತು. ಮೀಸೆ ಒಬ್ಬನೇ ಇದ್ದ. ಇವಳ ಬದಲಿಗೆ ಬರಬೇಕಾದವನನ್ನು ಜನ ಜಾಸ್ತಿಯೆಂದು ನೀರಿನಾಟಕ್ಕೆ ಕಳಿಸಿದ್ದರಂತೆ. ಎಡಗಡೆ ನೋಡಿ, ಹಿಂದಿನಿಂದ ಸುತ್ತಿ ಬಲಗಡೆಗೆ ಬಂದು ನೋಡಿ, ಆಮೇಲೆ ಆ ಕಡೆಯಿಂದಲೇ ಒಂದು ಬೆರಳು ಎತ್ತು ಎಂದು ಸೂಪರ್‌ವೈಸರ್ ಅಪ್ಪಣೆ ಕೊಟ್ಟಿದ್ದ. ಮೀಸೆಯ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕೂತ್ಕೋ ಮಹಾರಾಣಿ ಎಂದು ನಕ್ಕ, ಅಷ್ಟೇ.

ಮುಂದಿನ ಸಾಲಿನ ಬಲಗಡೆಯ ಸೀಟಿನಲ್ಲಿ ಹೆಬ್ಬೆಟ್ಟಕ್ಕ, ಅವಳ ಪಕ್ಕ ಚಿಲ್ಲರೆ, ಹಿಂದೆ ದೊಡ್ಡಮ್ಮ. ಮೀಸೆ ಎಡಗಡೆಯ ಸರಳುಗಳನ್ನು ನೋಡಿ ಮುಗಿಸಿದ. ಮುಗಿದೊಡನೆ ಬೆರಳೆತ್ತುವುದು ಅವನ ಹಳೆಯ ಚಾಳಿ, ಎತ್ತಿಬಿಟ್ಟ. ಇತ್ತ ಹೆಬ್ಬೆಟ್ಟಕ್ಕ ತನ್ನ ಸರಳು ಇಳಿಸಿದಳು, ಕಟಕ್ಕೆಂದಿತು, ಮೇಲಕ್ಕೆಳೆದು ನೋಡಿದಳು. ಅವಳ ಹೆಬ್ಬೆರಳು ತಾನಾಗಿಯೇ ಮೇಲೆದ್ದಿತು. ಕ್ಯಾಬಿನ್ನಿನವನು ವರ್ಷಗಟ್ಟಲೆ ಎಡಗಡೆ ಮೀಸೆಯ ಬೆರಳನ್ನೂ ಬಲಗಡೆ ಇವಳ ಬೆರಳನ್ನೂ ನೋಡಿಯೇ ಗುಂಡಿ ಒತ್ತಿದವನು. ಎರಡೂ ಕಂಡವು, ಒತ್ತಿದ.

ಬಂಡಿ ಜಗ್ಗಿತು. ಅವಳದನ್ನು ಬಿಟ್ಟರೆ ಬಲಗಡೆಯ ಒಂದು ಸರಳನ್ನೂ ಯಾರೂ ಮುಟ್ಟಿ ನೋಡಿರಲಿಲ್ಲ.

"ನಿಲ್ಸೋ!" ಎಂದು ಮೀಸೆ ಕಿರುಚಿದ. ಕ್ಯಾಬಿನ್ನಿನವನು ಕೆಂಪು ಗುಂಡಿಗೆ ಅಂಗೈಯನ್ನೇ ಬಡಿದ. ಬಂಡಿಯ ಮೂತಿ ಸೂರಿನಾಚೆ ಬಿಸಿಲಿಗೆ ಬಂದು ನಿಂತಿತು. ಮೇಲಕ್ಕೆಳೆಯುವ ಸರಪಳಿ ಇನ್ನೂ ಕಚ್ಚಿರಲಿಲ್ಲ. ಮೀಸೆ ಬಲಗಡೆಗೆ ಓಡಿ ಬಂದು ನೋಡಿದರೆ, ಹಿಂದಿನ ಬಂಡಿಯಲ್ಲಿ ಹೆಂಗಸೊಬ್ಬಳು ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು ಕೂತಿದ್ದಾಳೆ. ಸರಳು ಬ್ಯಾಗಿನ ಮೇಲೆ ಕೂತಿದೆ, ಕಚ್ಚೇ ಇಲ್ಲ. ಎರಡು ಬೆರಳಿನಲ್ಲಿ ಎತ್ತಿದರೆ ಎದ್ದು ಬಂತು. ಆಕೆ ಏನಾಯಿತೆಂದು ತಿಳಿಯದೆ, ಬ್ಯಾಗು ಕೆಳಗಿಡಬೇಕಿತ್ತಾ ಎಂದು ಕೇಳಿದಳು. ಹೆಬ್ಬೆಟ್ಟಕ್ಕ ತನ್ನ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು, ಬಿಟ್ಟರೆ ಮತ್ತೇನು ಮಾಡುತ್ತದೋ ಎಂಬಂತೆ.

ಸೂಪರ್‌ವೈಸರ್ ಓಡಿ ಬಂದ. ಯಾರ ತಪ್ಪು ಎಂದು ಕೇಳಿದ. ನನ್ನದೇ ಸರ್, ಬೆರಳು ಎತ್ತಿಬಿಟ್ಟೆ ಎಂದಳು ಅವಳು. ಅವನು ದನಿ ಇಳಿಸಿ, ಇಳಿದು ಬನ್ನಿ, ಬಲಗಡೆ ನಿಂತುಕೊಳ್ಳಿ, ಸಾಲು ಕರಗಲಿ, ಸಂಜೆ ಆರಾಮಾಗಿ ಒಂದು ಸುತ್ತು ಹೋಗುವಿರಂತೆ ಎಂದ. ಬಲಗಡೆ ಒಬ್ಬರಿಲ್ಲದೆ ಬಂಡಿ ಬಿಡುವುದಿಲ್ಲ ಎಂದೂ ಸೇರಿಸಿದ.

ಹೆಬ್ಬೆಟ್ಟಕ್ಕನ ಕೈ ಆಗಲೇ ಸರಳು ಬಿಚ್ಚುವ ಕೊಂಡಿಗೆ ಹೋಗಿತ್ತು. ಕರೆದರೆ ಏಳುವುದು ಅವಳ ಮೈಗೆ ಹತ್ತಿದ ಅಭ್ಯಾಸ. ಚಿಲ್ಲರೆ ಅವಳ ಕೈ ಮೇಲೆ ಕೈಯಿಟ್ಟು ಒತ್ತಿ ಹಿಡಿದಳು.

"ಎದ್ರೆ ನೋಡು. ಇವತ್ತಿನ ರಜೇನೂ ಇವ್ರ ಹೊಟ್ಟೆಗೇ ಹೋಯ್ತು ಅನ್ಕೋ. ಸಂಜೆ ಅಂತೆ. ಇವ್ರ ಸಂಜೆ ಯಾವತ್ತು ಬಂದಿದೆ?"

ದೊಡ್ಡಮ್ಮ ಹಿಂದಿನಿಂದ, ಅವಳು ಇಳಿಯಲ್ಲ ಸರ್, ನಾವೂ ಇಳಿಯಲ್ಲ ಎಂದಳು. ಎಂದವಳು ಕಪ್ಪು ಕನ್ನಡಕ ತೆಗೆದು ಮಡಿಚಿಟ್ಟಳು. ಸೂಪರ್‌ವೈಸರ್ ಕಣ್ಣು ಕಿರಿದು ಮಾಡಿ ನೋಡಿದ.

"ನಿಮಗೆ ಹೊಟ್ಟೆನೋವಲ್ವಾ?"

"ಇತ್ತು ಸರ್. ನಿಮ್ಮನ್ನ ನೋಡಿದ್ಮೇಲೆ ಜಾಸ್ತಿ ಆಯ್ತು."

ಸಾಲಿನಿಂದ ಒಬ್ಬ, ಒಬ್ಬಳಿಗೋಸ್ಕರ ಇಷ್ಟು ಜನ ಬಿಸಿಲಲ್ಲಿ ಸಾಯಬೇಕಾ ಎಂದು ಕೂಗಿದ. ಬ್ಯಾಗಿನ ಹೆಂಗಸಿಗೆ ಅಷ್ಟು ಹೊತ್ತಿಗೆ ವಿಷಯ ತಲೆಗೆ ಹೋಗಿತ್ತು. ಮುಖ ಬಿಳುಚಿಕೊಂಡಿದ್ದರೂ ತಿರುಗಿ, ಸ್ವಲ್ಪ ನಿಂತ್ಕೊಳ್ಳಿ, ಕಾದ್ರೆ ಯಾರೂ ಸಾಯಲ್ಲ ಎಂದಳು.

ಆಗ ಹೆಬ್ಬೆಟ್ಟಕ್ಕ ಕೊಂಡಿಯಿಂದ ಕೈ ತೆಗೆದಳು.

"ಸರ್, ಬಲಗಡೆಗೆ ಒಬ್ಬರು ಬೇಕು ಅಂತ ನೀವೇ ಹೇಳಿದ್ರಿ. ಒಬ್ಬರು ಇದ್ದಾರಲ್ಲ."

ಯಾರು ಎಂಬಂತೆ ಅವನು ಆಚೀಚೆ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನೂ ಒಂದು ಕಾಲಕ್ಕೆ ಇದೇ ಪ್ಲಾಟ್‌ಫಾರ್ಮಿನಲ್ಲಿ ಸರಳು ಇಳಿಸಿದವನೇ. ಬಡ್ತಿ ಬಂದ ಮೇಲೆ ಕೈಗೆ ಗ್ರೀಸು ಹತ್ತಿರಲಿಲ್ಲ, ಅಷ್ಟೇ. ಈಗ ಟೈಯನ್ನು ಅಂಗಿಯ ಗುಂಡಿಗಳ ಮಧ್ಯೆ ತುರುಕಿಕೊಂಡು ಬಲಗಡೆಗೆ ಬಂದು ಬಗ್ಗಿದ. ಬ್ಯಾಗನ್ನು ಈಸಿಕೊಂಡು ಕಟ್ಟೆಯ ಮೇಲಿಟ್ಟ. ಒಂದೊಂದೇ ಸರಳು ಒತ್ತಿ, ಎಳೆದು, ನೋಡಿದ. ಹೆಬ್ಬೆಟ್ಟಕ್ಕನದನ್ನೂ ಎಳೆದ. ಎಲ್ಲ ಮುಗಿಸಿ ಕೈ ಒರೆಸಿಕೊಳ್ಳುತ್ತಾ ನಿಂತುಬಿಟ್ಟ.

"ಸರ್, ಬೆರಳು," ಎಂದ ಮೀಸೆ.

ಸೂಪರ್‌ವೈಸರ್ ಬೆರಳೆತ್ತಿದ. ಹೆಬ್ಬೆಟ್ಟಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು, ಅವುಗಳ ಮೇಲೆ ಭಾರ ಬಿಟ್ಟು ಕೂತಿದ್ದಳು.

ಸರಪಳಿ ಕಚ್ಚಿ ಬಂಡಿ ಏರತೊಡಗಿತು. ಕೆಳಗಿನ ಗಲಾಟೆ ಸಣ್ಣದಾಗುತ್ತಾ ಹೋಯಿತು. ಮೊದಲು ಪಾರ್ಕಿನ ಗೋಡೆ ಕಂಡಿತು, ಅದರಾಚೆ ಬಸ್ಸು ನಿಲ್ಲುವ ಜಾಗ, ಅದರಾಚೆ ಗೋದಾಮುಗಳ ತಗಡಿನ ಸೂರು, ಅದರಾಚೆ ಮಾಳಿಗೆಗಳು, ನೀರಿನ ಟ್ಯಾಂಕುಗಳು, ತಂತಿಯ ಮೇಲಿನ ಬಟ್ಟೆಗಳು. ತುದಿಯಲ್ಲಿ ಬಂಡಿ ಒಂದು ಉಸಿರಿನಷ್ಟು ಹೊತ್ತು ತಡೆದು ನಿಲ್ಲುತ್ತದೆ. ಕೆಳಗಿನಿಂದ ಅವಳು ಅದನ್ನು ದಿನಾ ನೋಡಿದ್ದಳು. ಅಷ್ಟರಲ್ಲೇ ಹುಡುಕಬೇಕು. ಹುಡುಕಿದಳು. ಕೆಂಪು ಕಂಡಿತು. ಅದರ ಬಲಕ್ಕೆ ಇನ್ನೊಂದು ಕೆಂಪು. ಹಿಂದಿನ ಬೀದಿಯಲ್ಲಿ ಮತ್ತೊಂದು. ಬಿಸಿಲು ಬಿದ್ದ ದಿನ ಊರಿಗೆ ಊರೇ ಹೊದಿಕೆ ಒಗೆದು ಹಾಕಿತ್ತು. ಇದರಲ್ಲಿ ನಮ್ಮದು ಯಾವುದು ಎಂದು ಅವಳು ಬಗ್ಗುವಷ್ಟರಲ್ಲಿ ಹಾವು ಬಿದ್ದಿತು. ದೊಡ್ಡಮ್ಮ ದೇವರನ್ನೂ ಮ್ಯಾನೇಜರನನ್ನೂ ಒಂದೇ ಉಸಿರಿನಲ್ಲಿ ಬಯ್ದಳು. ಚಿಲ್ಲರೆ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಹೆಬ್ಬೆಟ್ಟಕ್ಕ ಕೈಗಳನ್ನು ಈಚೆ ತೆಗೆದದ್ದು ಬಂಡಿ ಮತ್ತೆ ಸೂರಿನ ಕೆಳಗೆ ಬಂದು ನಿಂತ ಮೇಲೆಯೇ.

ಸಂಜೆ ಮಗಳು ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಳು. ತಾಯಿ ಹೊದಿಕೆ ಮಡಿಚುತ್ತಾ, "ಕಾಣ್ಸುತ್ತೆ ಕಣೇ," ಎಂದಳು.

"ಏನಮ್ಮಾ?"

"ನಮ್ಮನೆ. ಮೂರು ಕಾಣ್ಸುತ್ತೆ."

ಮಗಳಿಗೆ ಅರ್ಥವಾಗಲಿಲ್ಲ. ಪಕ್ಕ ಕೂರಿಸಿಕೊಂಡು ಮೊದಲಿನಿಂದ ಎಲ್ಲ ಹೇಳಿದಳು.

ಆಮೇಲೆ ಲೋಕವೇನೂ ಬದಲಾಗಲಿಲ್ಲ. ದೊಡ್ಡಮ್ಮನ ಒಂದು ದಿನದ ಸಂಬಳ ಹಿಡಿದರು. ಹಾವನ್ನು ಬಿಚ್ಚುವವರೆಗೂ ಬಲಗಡೆ ಕೆಲವು ದಿನ ಆಳಿದ್ದರು, ಕೆಲವು ದಿನ ಇರಲಿಲ್ಲ. ಈಗ ಹೆಬ್ಬೆಟ್ಟಕ್ಕ ಬಯಲಿನಲ್ಲಿ ವಾಹನಗಳಿಗೆ ಕೈ ತೋರಿಸುತ್ತಾಳೆ. ಅವಳ ಮಿಕ್ಕ ರಜೆಗಳನ್ನು ಕೊಡುವ 'ಆಮೇಲೆ' ಇನ್ನೂ ಬಂದಿಲ್ಲ. ಹಾವು ಹೋಯಿತು, ಆದರೆ ಅಂಥ ಆಟಗಳು ಬೇರೆ ಪಾರ್ಕುಗಳಲ್ಲಿ ಎಷ್ಟೋ ಇವೆ. ನೀವೂ ಗೆಳೆಯರ ಜೊತೆ ಹೋಗುತ್ತೀರಿ, ಹೋಗಿ, ಕಿರುಚಿ, ನಗಿ. ಆದರೆ ಸಾಲಿನಲ್ಲಿ ನಿಂತು ಬೇಗ ಬಿಡಿ ಎಂದು ಕೂಗುವ ಮುಂಚೆ ಪ್ಲಾಟ್‌ಫಾರ್ಮಿನ ಎರಡೂ ಕಡೆ ನೋಡಿ. ಒಬ್ಬರೇ ಇದ್ದರೆ ಕೂರಬೇಡಿ. ಇನ್ನೊಬ್ಬರು ಎಲ್ಲಿ ಎಂದು ಕೇಳಿ. ಅವರನ್ನು ಕರೆಸುವವರೆಗೂ ಮೆಟ್ಟಿಲು ಬಿಟ್ಟು ಕದಲಬೇಡಿ.