ಎಡಗೆನ್ನೆಯ ಮೇಸ್ತ್ರಿ

ದೋಣಿ ಕೆಲಸ ಶುರುವಾದರೆ ಮೇಸ್ತ್ರಿ ದಿನಾ ಎಡಗೆನ್ನೆಯನ್ನು ಮಾತ್ರ ಬೋಳಿಸಿಕೊಳ್ಳುತ್ತಿದ್ದರು. ಬಲಗಡೆ ವಾರದ ಬಿಳಿ ಗಡ್ಡ ಹಾಗೇ ಇರುತ್ತಿತ್ತು. ನೋಡಿದವರು ನಗುತ್ತಿದ್ದರು. ನಗಲಿ ಎಂದು ಮೇಸ್ತ್ರಿ ಬಿಟ್ಟಿದ್ದರು. ಸ್ಯಾಂಡ್ ಪೇಪರ್ ಹಿಡಿದು ಹಿಡಿದು ಅವರ ಅಂಗೈ ಚಪ್ಪಲಿಯ ಅಟ್ಟೆಯಂತಾಗಿತ್ತು. ಒದ್ದೆ ಯಾವುದು, ಒಣಗಿದ್ದು ಯಾವುದು ಎಂದು ಅದಕ್ಕೆ ತಿಳಿಯುತ್ತಿರಲಿಲ್ಲ. ಹಾಗಾಗಿ ಉಜ್ಜಿದ ಹಲಗೆಗೆ ಕೆನ್ನೆಯಿಟ್ಟು ನೋಡುತ್ತಿದ್ದರು; ತಣ್ಣಗಿದ್ದರೆ ಒಳಗಿನ್ನೂ ಒದ್ದೆ. ಕೆನ್ನೆ ಒಪ್ಪುವ ತನಕ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವಂತಿರಲಿಲ್ಲ.

ಅದು ಎಮರ್ಜೆನ್ಸಿ ಕಾಲ. ಶರಾವತಿಯ ಹಿನ್ನೀರು ನಮ್ಮೂರು ನುಂಗಿ ಹತ್ತು ಹನ್ನೆರಡು ವರ್ಷವಾಗಿತ್ತು. ಗುಡ್ಡದ ಮೇಲೆ ಉಳಿದ ನಮಗೆ ಸಾಗರ ಪೇಟೆಯ ಆಸ್ಪತ್ರೆಗೆ ಹೋಗುವುದಕ್ಕೂ ದೋಣಿಯೇ ಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ದೋಣಿಯನ್ನು ದಡಕ್ಕೆಳೆದು ಎರಡು ದಿಮ್ಮಿಗಳ ಮೇಲೆ ಮಗುಚಿ ಹಾಕುತ್ತಿದ್ದರು. ಹಳೆಯ ಬಣ್ಣ ಕೆರೆದು, ಉಜ್ಜಿ, ಎಣ್ಣೆ ಕುಡಿಸಿ, ಆಮೇಲೆ ಬಣ್ಣ. ಕೂರುವ ಹಲಗೆಗಳಿಗೆ ವಾರ್ನಿಷ್.

ಗಂಡ ಸತ್ತ ಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ನಾನು ಕೆಲಸ ಕೇಳಲು ಹೋದೆ. ಮೇಸ್ತ್ರಿ ಅಯ್ಯೋ ಪಾಪ ಎನ್ನಲಿಲ್ಲ. ಒಂದು ಚೂರು ಸ್ಯಾಂಡ್ ಪೇಪರ್ ಕೈಗಿಟ್ಟು, "ಮರದ ಎಳೆ ಹಿಡ್ದು ಉಜ್ಜು. ಅಡ್ಡ ಉಜ್ಜಿದ್ರೆ ಮನೆಗೆ ಹೋಗು" ಎಂದರು.

ದೋಣಿಯ ಯಜಮಾನರು ಗೌಡರು. ನೀರಿಗಿಳಿಸುವ ಮೊದಲು ಪೂಜೆಯಾಗುವ ದೋಣಿಯನ್ನು ಗಂಡನಿಲ್ಲದವಳು ಮುಟ್ಟುವುದು ಅವರಿಗೆ ಸರಿಬರಲಿಲ್ಲ.

"ಎಂತ ಮೇಸ್ತ್ರಿ, ಊರಲ್ಲಿ ಗಂಡಸ್ರೆಲ್ಲ ಸತ್ತೋದ್ರಾ?"

"ಒಬ್ಬ ಸತ್ತಿದಾನೆ. ಅದಕ್ಕೇ ಇವ್ಳು ಬಂದಿದ್ದು" ಎಂದರು ಮೇಸ್ತ್ರಿ, ಕೆರೆಯುವುದನ್ನು ನಿಲ್ಲಿಸದೆ. "ಈ ನೀರು ಮನೆ ಮುಳುಗಿಸೋವಾಗ ಯಾರು ಮುತ್ತೈದೆ, ಯಾರು ಮುಂಡೆ ಅಂತ ಕೇಳಿತ್ತಾ ಗೌಡ್ರೆ?"

ಇನ್ನು ನನ್ನ ತಪ್ಪು. ಸೋಮವಾರ ಪೂಜೆ ಎಂದು ನಿಗದಿಯಾಗಿತ್ತು. ಅದಕ್ಕೆ ವಾರ ಮೊದಲು, ಅಡಿಯ ಹಲಗೆಯ ಹಳೆಯ ಬಣ್ಣ ಕೆರೆಯುವಾಗ, ಅಂಗೈಯಗಲ ಮರ ಕೊಳೆತು ಮೆತ್ತಗಾದದ್ದು ಕಂಡಿತು. ಹೇಳಿದರೆ ಹಲಗೆ ಬದಲಿಸಬೇಕು, ಪೂಜೆ ನಿಲ್ಲುತ್ತದೆ, ಅಪಶಕುನವೆಲ್ಲ ನನ್ನ ತಲೆಗೆ. ಕೂಲಿ ಹೋದರೆ ಮಕ್ಕಳಿಗೆ ಗಂಜಿಯೂ ಇಲ್ಲ. ಬಿರುಕು ತುಂಬುವ ಪುಟ್ಟಿಯನ್ನು ಅದರ ಮೇಲೆ ಮೆತ್ತಿ, ಒಣಗಿದ ಮೇಲೆ ಕನ್ನಡಿಯಂತೆ ಉಜ್ಜಿಬಿಟ್ಟೆ.

ಬಣ್ಣ ಹಚ್ಚುವ ದಿನ ಗೌಡರೂ ಬಂದು ನಿಂತಿದ್ದರು. ಮೇಸ್ತ್ರಿಯ ಕೆನ್ನೆ ಹಲಗೆಯ ಮೇಲೆ ಸರಿಯುತ್ತಾ ಬಂದು ಅಲ್ಲೇ ನಿಂತಿತು. "ಇಲ್ಲಿ ತಣ್ಣಗಿದೆ" ಎಂದು ಮೊಳೆ ಒತ್ತಿದರು. ಪೂರ್ತಿ ಒಳಗೆ ಹೋಯಿತು.

"ನಿನ್ನ ಕೆಲ್ಸನಾ?"

"ಹೌದು."

"ನಾ ಆವತ್ತೇ ಹೇಳ್ದೆ" ಎಂದರು ಗೌಡರು. "ಇವ್ಳನ್ನ ಕಳ್ಸಿ, ಅದ್ರ ಮೇಲೆ ಬಣ್ಣ ಬಳೀರಿ. ಯಾರಿಗೆ ಕಾಣ್ತದೆ?"

ಮೇಸ್ತ್ರಿ ಮಗುಚಿದ ದೋಣಿಯನ್ನು ಹತ್ತಿ ಕೂತು ಎಲೆಯಡಿಕೆ ಸಂಚಿ ಬಿಚ್ಚಿದರು. "ಇವ್ಳು ಹೆದ್ರಿ ಮುಚ್ಚಿದ್ಳು. ನೀವು ಗೊತ್ತಿದ್ದೂ ಮುಚ್ಚು ಅಂತೀರಿ. ಹಲಗೆ ಬದ್ಲಾಯಿಸು ಅಂತ ನೀವು ಅನ್ನೋ ತನಕ ನಾನು ಇಳಿಯಲ್ಲ. ಇವ್ಳನ್ನ ಕಳ್ಸಿದ್ರೆ ನನ್ನ ಉಳಿನೂ ಎತ್ಕೊಂಡು ಹೋಗ್ತೀನಿ."

ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದರೂ ಕದಲಲಿಲ್ಲ. ಗೌಡರು ಎರಡು ಸಲ ಹೋಗಿ ಬಂದು ಬೈದರು. ಮೂರನೇ ಸಲ ಬಂದವರು, "ಎಷ್ಟು ದಿನ ಬೇಕು?" ಎಂದು ಕೇಳಿದರು. ಸೋಮವಾರದ ಪೂಜೆ ತಪ್ಪಿತು.

ಕೊಳೆತ ಹಲಗೆ ಬಿಚ್ಚಿದವಳು ನಾನೇ. ಆಗ ಮೇಸ್ತ್ರಿ ಬೈದದ್ದು ಬರೆಯುವಂಥದ್ದಲ್ಲ. ಹೊಸ ಹಲಗೆ ಕೂರಿಸಿ ಉಜ್ಜಿದ ಮೇಲೆ, ಗೌಡರ ಎದುರಿಗೇ, ತಾವು ಪಕ್ಕಕ್ಕೆ ಸರಿದರು.

"ನೀನಿಡು ಕೆನ್ನೆ. ನಿಂಗೆ ಬೋಳ್ಸೋ ಕಷ್ಟನೂ ಇಲ್ಲ ಮಾರಾಯ್ತಿ."

ಇಟ್ಟೆ. ಬೆಚ್ಚಗಿತ್ತು. "ಹಚ್ಚಬಹುದು" ಎಂದೆ. ಆಮೇಲೇ ಡಬ್ಬಿ ತೆರೆದರು.

ಮುಂದೆ ಹತ್ತು ವರ್ಷ ಅವರ ಜೊತೆ ಉಜ್ಜಿದೆ. ತೀರಿಕೊಂಡಾಗ ಮನೆಯವರು ಎರಡೂ ಕೆನ್ನೆ ನುಣ್ಣಗೆ ಬೋಳಿಸಿ ಮಲಗಿಸಿದ್ದರು. ನನಗೆ ಗುರುತೇ ಹತ್ತಲಿಲ್ಲ. ಅಳಲೂ ಇಲ್ಲ.

ಆ ಬೇಸಿಗೆಯೂ ದೋಣಿ ಮಗುಚಿ ಹಾಕಿದರು. ಗೌಡರು ಬಂದು, "ಬಣ್ಣ ತರ್ಸ್ಲೇನೇ?" ಎಂದು ನನ್ನನ್ನು ಕೇಳಿದರು.

ಹಲಗೆಗೆ ಕೆನ್ನೆಯಿಟ್ಟೆ. "ಇನ್ನೂ ತಣ್ಣಗಿದೆ. ಎಂಟು ದಿನ ಬಿಟ್ಟು ಬನ್ನಿ" ಎಂದೆ.

ಗೌಡರು ಎಂಟು ದಿನ ಬಿಟ್ಟೇ ಬಂದರು.