ಗಡ್ಡಿ ಅಲ್ಲ, ಗೋಡಿ

ನಮ್ಮ ಕಡೆ ಹೆಂಗಸರ ಹೊಟ್ಟೆಯೊಳಗೆ ಏನೇ ಆದರೂ ಅದಕ್ಕೆ ಒಂದೇ ಹೆಸರು: ಗಡ್ಡಿ. ಸಿರುಗುಪ್ಪದಲ್ಲಿರುವ ನನ್ನ ಅಕ್ಕನಿಗೆ ಮುಟ್ಟಿನಲ್ಲಿ ರಕ್ತ ಹೆಚ್ಚಾಗಿ ಹೋಗತೊಡಗಿತ್ತು. ಅಲ್ಲಿ ಸ್ಕ್ಯಾನ್ ಮಾಡಿದವರು, ಗರ್ಭಕೋಶ ದೊಡ್ಡದಾಗಿದೆ, ಗಡ್ಡೆ ಇರಬಹುದು ಅಂದರು. ಆ 'ಇರಬಹುದು' ಬಳ್ಳಾರಿಯ ನಮ್ಮ ಮನೆಗೆ ಬರುವಷ್ಟರಲ್ಲಿ ಉದುರಿಹೋಗಿತ್ತು. ಗಡ್ಡಿ ಅಂದಮೇಲೆ ಒಂದು ಲಾಭವೂ ಆಯಿತು. ಕುರುಗೋಡಿನಲ್ಲಿರುವ ಅಕ್ಕನ ಅತ್ತೆ, "ಗಡ್ಡಿ ಇಟ್ಕೊಂಡು ಕೊಡ ಎತ್ತಬ್ಯಾಡವ್ವ" ಅಂತ ದಿನಾ ಫೋನ್ ಮಾಡಿ ಹೇಳುತ್ತಿದ್ದರು.

ನಾನು ಓದಿದ್ದು ಬಿಕಾಂ. ಆದರೆ ಕೈಯಲ್ಲಿ ಮೊಬೈಲಿದೆ, ಸುಮ್ಮನೆ ಕೂರುವ ಗುಣ ಇಲ್ಲ. ಗರ್ಭಕೋಶದ ಗಡ್ಡೆ, ಅಂದರೆ ಫೈಬ್ರಾಯ್ಡ್, ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದಕ್ಕೊಂದು ಅಂಚು ಇರುತ್ತದೆ, ಎಷ್ಟೋ ಸಲ ಅದನ್ನಷ್ಟೇ ಬಿಡಿಸಿ ತೆಗೆಯಬಹುದು, ಬಹುತೇಕ ಕ್ಯಾನ್ಸರ್ ಅಲ್ಲ. "ಎಷ್ಟು ಸೆಂಟಿಮೀಟರ್ ಐತಂತ?" ಅಂತ ಅಕ್ಕನ ತಲೆ ತಿನ್ನುತ್ತಿದ್ದೆ. "ನೀ ಡಾಕ್ಟರಮ್ಮ, ಬಂದು ಟೇಪು ಹಿಡದು ಅಳಿ" ಅನ್ನುತ್ತಿದ್ದಳು.

ಬಳ್ಳಾರಿಗೆ ಕರೆಸಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ಸೆಂಟಿಮೀಟರ್ ಕೇಳಲಿಲ್ಲ.

"ಮುಟ್ಟಿನಾಗ ನೋವು ಹೆಂಗಿರ್ತೈತಮ್ಮ?"

ಅಕ್ಕ ನನ್ನ ಕಡೆ ನೋಡಲಿಲ್ಲ. "ಸೊಂಟ ಮುರದು ಕೈಯಾಗ ಕೊಟ್ಟಂಗ ಆಕ್ಕೈತ್ರಿ. ದಿಂಬು ಕಚ್ಕೊಂಡು ಮಕ್ಕೋತೀನಿ."

ಇದನ್ನು ನಾನು ಆವತ್ತೇ ಮೊದಲು ಕೇಳಿದ್ದು.

ಡಾಕ್ಟರು ಒಳಗಿನಿಂದ ಮಾಡುವ ಸ್ಕ್ಯಾನ್ ಮಾಡಿದರು. "ಗಡ್ಡಿ ಇಲ್ಲ. ಗೋಡೀನ ದಪ್ಪ ಆಗೇತಿ. ಅಡಿನೋಮಯೋಸಿಸ್ ಅಂತಾರ ಇದಕ್ಕ." ಗರ್ಭಕೋಶದ ಒಳಪದರ, ತಿಂಗಳು ತಿಂಗಳು ಕಳಚಿ ಹೋಗಬೇಕಾದದ್ದು, ಸುತ್ತಲಿನ ಮಾಂಸದ ಗೋಡೆಯಾದ ಮಯೋಮೆಟ್ರಿಯಮ್‌ನೊಳಕ್ಕೇ ನುಗ್ಗಿ ಬೆಳೆದಿದೆ. ಅಲ್ಲೂ ಅದು ಮುಟ್ಟಿನ ಹೊತ್ತಿಗೆ ಬಾತು ನೋಯುತ್ತದೆ. ಗಡ್ಡೆಯಾಗಲಿ ಇದಾಗಲಿ, ರಕ್ತ ಎರಡರಲ್ಲೂ ಹೋಗುತ್ತದೆ, ಹೊಟ್ಟೆ ಎರಡರಲ್ಲೂ ಭಾರ. ಕೆಲವರಿಗೆ ಎರಡೂ ಇರುತ್ತವಂತೆ, ಅನುಮಾನ ಬಂದರೆ ಎಂಆರ್‌ಐ ಮಾಡಿಸುತ್ತಾರಂತೆ. ಆದರೆ ಇದಕ್ಕೆ ಅಂಚಿಲ್ಲ, ಬಿಡಿಸಿ ತೆಗೆಯುವಂಥದ್ದಲ್ಲ. ಸದ್ಯಕ್ಕೆ ಹಾರ್ಮೋನಿನ ಮಾತ್ರೆ, ರಕ್ತ ಕಡಿಮೆಯಾಗಿದ್ದಕ್ಕೆ ಕಬ್ಬಿಣದ ಮಾತ್ರೆ, ಭಾರ ಎತ್ತದೆ ವಿಶ್ರಾಂತಿ.

ಹೊರಗೆ ಬಂದವಳೇ ಅಕ್ಕ ಕುರುಗೋಡಿಗೆ ಫೋನ್ ಹಚ್ಚಿದಳು. "ಅತ್ತಿ, ಗಡ್ಡಿ ಇಲ್ಲಂತ್ರಿ."

ಫೋನ್ ಕಸಿಯಲು ಹೋದೆ. ತಡವಾಗಿತ್ತು. "ನಮ್ಮವ್ವ ಕಾಪಾಡಿದಳು!" ಅನ್ನುವ ಅತ್ತೆಯ ಕೂಗು ನನಗೂ ಕೇಳಿಸಿತು. ಸಂಜೆಗೆ ಅವರ ಓಣಿಯಲ್ಲೆಲ್ಲ ಸಕ್ಕರೆ ಹಂಚಿದ್ದೂ ಆಯಿತು. ಮರುದಿನವೇ ಮತ್ತೆ ಫೋನ್: "ಹೆಂಗೂ ಏನೂ ಇಲ್ಲಲ್ಲ. ಮೈದುನನ ಮದಿವಿ ಐತಿ, ಹೋಳಿಗಿಗೆ ಕೈ ಸಾಲವಲ್ವು, ಬಂದುಬಿಡು."

ಅಕ್ಕ ಬ್ಯಾಗು ತುಂಬತೊಡಗಿದಳು. ಅವಳ ಮುಟ್ಟಿನ ದಿನ ಹತ್ತಿರವಿತ್ತು. ಇದ್ದ ರೋಗಕ್ಕೆ ಗಡ್ಡಿ ಅನ್ನುವ ಹೆಸರಿತ್ತು, ಹೆಸರಿಗೆ ಮರ್ಯಾದೆಯಿತ್ತು. ಈಗ ನೋವು ಹಾಗೇ ಇದೆ, ಹೆಸರು ಹೋಗಿದೆ. ನಾನು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ತಿರುಗಿದೆ. ಕೊನೆಗೆ ಮೊಬೈಲಿನಲ್ಲಿ ಗರ್ಭಕೋಶದ ಚಿತ್ರ ಇಳಿಸಿಕೊಂಡು ಅವಳ ಜೊತೆಗೇ ಬಸ್ಸು ಹತ್ತಿದೆ.

ಕುರುಗೋಡಿನಲ್ಲಿ ಅತ್ತೆ ಪಕ್ಕದ ಮನೆಯಾಕೆಯ ಜೊತೆ ಕೂತು ಮದುವೆಯ ಅಕ್ಕಿ ಕೇರುತ್ತಿದ್ದರು. ಕಾಲು ತೊಳೆಯುವುದರೊಳಗೆ ಚಿತ್ರ ಅವರ ಮುಖದ ಮುಂದೆ ಹಿಡಿದೆ.

"ಅತ್ತಿ, ಇದು ಒಳಪದರ, ಇದು ಮಯೋಮೆಟ್ರಿಯಮ್..."

"ಏನದು, ಬದನಿಕಾಯಿ?" ಅಂದರು ಅತ್ತೆ. ಪಕ್ಕದಾಕೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಅತ್ತೆ ಮತ್ತೆ ಅಂದರು: "ಗಡ್ಡಿ ಇಲ್ಲಂದ ಮ್ಯಾಲೆ ಏನೈತಿ ಬಿಡು ಯವ್ವಾ. ಈಗಿನ ಹುಡುಗ್ಯಾರು ಸೂಜಿ ಚುಚ್ಚಿದ್ರೂ ಮಕ್ಕೋತಾರ."

ನಾನು ಬಾಯಿ ತೆರೆದೆ. ಅಕ್ಕ ನನ್ನ ಕಾಲು ತುಳಿದು, ಅತ್ತೆಯ ಮೊರದಿಂದ ಒಂದು ಕಲ್ಲು ಆರಿಸಿ ತೋರಿಸಿದಳು.

"ಗಡ್ಡಿ ಅಂದ್ರ ಇದು ಅತ್ತಿ. ಆರಿಸಿ ಒಗೀಬಹುದು. ನಂದು ಕಲಸಿದ ಹಿಟ್ಟಿನಾಗ ಉಪ್ಪು ಹೆಚ್ಚಾದಂಗ. ಎಲ್ಲಿ ಅಂತ ಹಿಡದು ತೆಗೀತೀರಿ? ಗರ್ಭಚೀಲದ ಗೋಡಿ ತುಂಬ ಹೊಕ್ಕೇತಿ."

ಅತ್ತೆಯ ಕೈ ಮೊರದಲ್ಲಿ ನಿಂತಿತು. "ಅಂದ್ರ ಗಡ್ಡಿಗಿಂತ ಕಠಿಣ?"

"ಜೀವಕ್ಕೇನಿಲ್ಲ ಅಂದಾರ. ನೋವು ಮಾತ್ರ ನನಗಷ್ಟ ಗೊತ್ತು."

ಅವರು ಎದ್ದು ಒಳಗಿನಿಂದ ಕೌದಿ ತಂದು ಪಡಸಾಲೆಯಲ್ಲಿ ಹಾಸಿದರು. ಅಕ್ಕನನ್ನು ನೋಡಿ ಗದ್ದ ಎತ್ತಿ ಅದರ ಕಡೆ ತೋರಿಸಿದರು. ಅಕ್ಕ ಮಲಗಿದಳು.

ಉಪ್ಪಿನ ಉಪಮೆ ಪೂರ್ತಿ ಸರಿಯಿಲ್ಲ ಅಂತ ನನ್ನ ನಾಲಿಗೆ ತುರಿಸುತ್ತಿತ್ತು. ಅಷ್ಟರಲ್ಲಿ ಪಕ್ಕದಾಕೆ ಮೆಲ್ಲಗೆ, "ಹಂಗಾರ ಹೋಳಿಗಿ?" ಅಂದಳು.

"ನೀ ಅದೀಯಲ್ಲ, ಬಾ," ಅಂದರು ಅತ್ತೆ, ಮತ್ತೆ ಮೊರ ಹಿಡಿದು. "ನಮ್ಮ ಸೊಸಿಗೆ ಗೋಡಿಬ್ಯಾನಿ."